ಆಷಾಢದ ಮಳೆ, ಅಪ್ಪನ ಡಯಾಲಿಸಿಸ್

ಪ್ರಶ್ನೆ (ಮೂಡಿಗೆರೆ ಕಡೆಯವರು): ಅಪ್ಪನಿಗೆ 64. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಎರಡೂ ಕಿಡ್ನಿ ಸೋತಿವೆ, ಎರಡು ಮೂರು ತಿಂಗಳಲ್ಲಿ ಡಯಾಲಿಸಿಸ್ ಬೇಕಾಗುತ್ತೆ ಅಂದಿದ್ದಾರೆ. ಮನೆ ಕಾಫಿ ತೋಟದೊಳಗೆ. ಆಷಾಢದಲ್ಲಿ ಮರ ಬಿದ್ದರೆ ರಸ್ತೆಯೂ ಇಲ್ಲ, ಕರೆಂಟೂ ಇಲ್ಲ. ವಾರಕ್ಕೆ ಮೂರು ಸಲ ಚಿಕ್ಕಮಗಳೂರಿಗೆ ಹೇಗೆ ಹೋಗೋದು? ಮನೆಯಲ್ಲೇ ಮಾಡೋ ಹೊಟ್ಟೆ ಡಯಾಲಿಸಿಸ್ ಆಗುತ್ತಾ? ಒಮ್ಮೆ ಶುರು ಮಾಡಿದರೆ ಬಿಡೋಕಾಗಲ್ಲ ಅಂತ ಚಿಕ್ಕಪ್ಪ ಬೇರೆ ಹೆದರಿಸ್ತಿದ್ದಾರೆ.

ಉತ್ತರ (ಕಿಡ್ನಿ ತಜ್ಞ, ಹಾಸನ): ಚಿಕ್ಕಪ್ಪ ಹೇಳಿದ್ದು ಅರ್ಧ ಸರಿ. ಡಯಾಲಿಸಿಸ್ ಚಟ ಹಿಡಿಸಲ್ಲ. ಕಿಡ್ನಿ ಸೋತಿರೋದರಿಂದ ಬಿಡೋಕಾಗಲ್ಲ, ಕಸಿ ಆದರೆ ಬಿಡಬಹುದು.

ನಿಮ್ಮ ಮನೆಗೆ ಸಿಎಪಿಡಿ, ಅಂದರೆ ನೀವು ಕೇಳಿದ ಮನೆಯಲ್ಲೇ ಮಾಡೋ ಹೊಟ್ಟೆ ಡಯಾಲಿಸಿಸ್, ಚೆನ್ನಾಗಿ ಹೊಂದಬಹುದು. ಹೊಟ್ಟೆಗೆ ಮೆತ್ತನೆ ನಳಿಕೆ ಕೂರಿಸ್ತಾರೆ. ಸುಮಾರು 2 ಲೀಟರಿನ ಚೀಲದ ದ್ರವ ಒಳಗೆ ಬಿಟ್ಟು, ಕೆಲವು ಗಂಟೆ ಬಿಟ್ಟು ಹೊರಗೆ ಇಳಿಸೋದು, ದಿನಕ್ಕೆ 3-4 ಸಲ. ಚೀಲ ತೂಗುಹಾಕೋಕೆ ಒಂದು ಮೊಳೆ ಸಾಕು, ಕರೆಂಟ್ ಬೇಡ. ಮಳೆಗೆ ಮುಂಚೆ ಚೀಲ ದಾಸ್ತಾನು ಮಾಡಿಕೊಳ್ಳಿ. ಆದರೆ ನಾನು ಮೊದಲು ಕೇಳೋದು ಬೇರೆ: ಅಪ್ಪನ ಕಣ್ಣು ಹೇಗಿದೆ? ಚೀಲ ಬದಲಿಸೋ ಕೈ ಯಾರದು? ಕೈ ತೊಳೆಯೋದರಲ್ಲಿ ಉದಾಸೀನ ಮಾಡಿದರೆ ಹೊಟ್ಟೆಗೆ ಸೋಂಕು. ಹೊರಬಂದ ನೀರು ಗಂಜಿ ತಿಳಿಯ ಹಾಗೆ ಮಸುಕಾದರೆ ನಾಳೆಗೆ ಅಂತ ಕಾಯಬೇಡಿ, ಅವತ್ತೇ ಬನ್ನಿ. ದ್ರವದಲ್ಲಿ ಗ್ಲೂಕೋಸ್ ಇರೋದರಿಂದ ಇನ್ಸುಲಿನ್ ಲೆಕ್ಕವೂ ಬದಲಾಗುತ್ತೆ.

ಮೆಷಿನ್ನೇ ಆದರೆ ಸಾಮಾನ್ಯವಾಗಿ ವಾರಕ್ಕೆ 3 ಸಲ, ತಲಾ 4 ಗಂಟೆ. ಅದಕ್ಕೆ ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚೋಕೆ ಎರಡು ರಕ್ತನಾಳ ಜೋಡಿಸೋ ಸಣ್ಣ ಆಪರೇಷನ್) ಈಗಲೇ ಮಾಡಿಸಿ, ಹದಕ್ಕೆ ಬರೋಕೆ 6-8 ವಾರ ಬೇಕು. ತಡ ಮಾಡಿದವರೇ ಕುತ್ತಿಗೆಗೆ ನಳಿಕೆ ಹಾಕಿಸಿಕೊಂಡು ಬರೋದು. ಬಲಗೈಯವರಾದರೆ ಎಡಗೈಯಲ್ಲಿ ಇನ್ನು ಸೂಜಿ, ಡ್ರಿಪ್ಪು ಬೇಡ ಅಂತ ನರ್ಸ್‌ಗೆ ಗಟ್ಟಿಯಾಗಿ ಹೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಜಿಲ್ಲಾಸ್ಪತ್ರೆಯಲ್ಲಿ ಉಚಿತ, 2016ರಿಂದ ಕೇಂದ್ರದ ಕಾರ್ಯಕ್ರಮವೇ ಇದೆ.

ಇನ್ನೊಬ್ಬರು (ಅರಸೀಕೆರೆ): ನಮ್ಮಮ್ಮ ಮೆಷಿನ್ ಡಯಾಲಿಸಿಸ್‌ನಲ್ಲಿದ್ದಾರೆ. ತೋಟದ ಎಳನೀರು ತಂಪು, ದಿನಾ ಒಂದು ಕೊಡಬಹುದಾ?

ಉತ್ತರ: ದಯವಿಟ್ಟು ಬೇಡ. ಎಳನೀರಲ್ಲಿ ಪೊಟ್ಯಾಷಿಯಂ ಜಾಸ್ತಿ, ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತೆ. ಬಾಳೆಹಣ್ಣಿಗೂ ಇದೇ ಮಾತು.

ಮೂಡಿಗೆರೆಯವರು: ಅಪ್ಪನಿಗೆ ಕಣ್ಣು ಮಂಜು ಸರ್. ಹೆಂಡತಿ ಕಲಿತೀನಿ ಅಂತಾಳೆ.

ಉತ್ತರ: ನೀವೂ ಕಲಿಯಿರಿ. ಅವರು ತವರಿಗೆ ಹೋದ ದಿನ ಚೀಲ ಯಾರು ಹಾಕ್ತಾರೆ?