ದೊಡ್ಡಮ್ಮನ ಮಂಡಿ, ಚಿಕ್ಕಪ್ಪನ ಫಾರ್ವರ್ಡ್

ಚಿಕ್ಕಪ್ಪ (ಫಾರ್ವರ್ಡ್): ಮಂಡಿಯ ಗ್ರೀಸ್ ಮುಗಿದಿದೆಯೇ? ರಾತ್ರಿ ಬೆಂಡೆಕಾಯಿ ನೆನೆಸಿಟ್ಟು ಬೆಳಿಗ್ಗೆ ಖಾಲಿ ಹೊಟ್ಟೆಗೆ ಆ ನೀರು ಕುಡಿಯಿರಿ. 40 ದಿನದಲ್ಲಿ ಸವೆದ ಮೃದ್ವಸ್ಥಿ (ಕೀಲಿನಲ್ಲಿ ಮೂಳೆಯ ತುದಿಗಿರುವ ನುಣುಪಾದ ಪದರ, ಕಾರ್ಟಿಲೇಜ್) ಮತ್ತೆ ಬೆಳೆಯುತ್ತದೆ. ಅಲ್ಲಿಯವರೆಗೆ ನಡೆಯಬೇಡಿ, ನಡೆದಷ್ಟೂ ಸವೆತ. ಆಪರೇಷನ್ ಬೇಡವೇ ಬೇಡ. ಎಲ್ಲರಿಗೂ ಕಳಿಸಿ 🙏

ಚಿಕ್ಕಪ್ಪ: ಅತ್ತಿಗೆ, ಇದನ್ನು ನಿಮಗೇ ಅಂತ ಹಾಕಿದ್ದು.

ದೊಡ್ಡಮ್ಮ: ಓದಿದೆ ಕಣಪ್ಪ. ನಾಳೆಯಿಂದ ವಾಕಿಂಗ್ ಬಿಡುತ್ತೇನೆ. ಹೇಗೂ ಮೆಟ್ಟಿಲು ಇಳಿಯುವಾಗ ಜೀವ ಹೋದ ಹಾಗೆ ಆಗುತ್ತದೆ.

ನಾನು: ದೊಡ್ಡಮ್ಮ, ದಯವಿಟ್ಟು ವಾಕಿಂಗ್ ಬಿಡಬೇಡಿ. ಬೆಂಡೆಕಾಯಿ ನೀರಿನಿಂದ ಮೃದ್ವಸ್ಥಿ ಬೆಳೆಯುವುದಿಲ್ಲ. ಅದು ಹೋಗಲಿ, ಆ ‘ನಡೆಯಬೇಡಿ’ ಅನ್ನುವ ಸಾಲೇ ನಿಮಗೆ ಕೆಟ್ಟದ್ದು.

ಚಿಕ್ಕಪ್ಪ: ನೀನು ಫಿಸಿಯೋಥೆರಪಿ ಓದಿದವಳು, ಮನೆಮದ್ದು ಅಂದರೆ ನಿನಗೆ ಆಗುವುದಿಲ್ಲ. ಸವೆದದ್ದನ್ನು ಇನ್ನೂ ಉಜ್ಜಿದರೆ ಜಾಸ್ತಿ ಸವೆಯುತ್ತದೆ ಅಲ್ವಾ? ಇದಕ್ಕೆ ಡಿಗ್ರಿ ಬೇಕಾ?

ನಾನು: ಮೃದ್ವಸ್ಥಿಗೆ ಜೀವ ಇದೆ ಚಿಕ್ಕಪ್ಪ. ಆದರೆ ಅದರೊಳಗೆ ರಕ್ತನಾಳ ಇಲ್ಲ. ಕೀಲಿನ ನೀರಿನಿಂದಲೇ ಅದಕ್ಕೆ ಊಟ. ಕಾಲು ಊರಿದಾಗ ಆ ನೀರು ಹೊರಗೆ ಹೋಗುತ್ತದೆ, ಎತ್ತಿದಾಗ ಒಳಗೆ ಬರುತ್ತದೆ. ಸುಮ್ನೆ ಕೂತರೆ ಅದಕ್ಕೆ ಊಟ ಕಡಿಮೆ. ತೊಡೆಯ ಸ್ನಾಯು ಬೇರೆ ಸೊರಗುತ್ತದೆ. ಆಮೇಲೆ ಪ್ರತಿ ಹೆಜ್ಜೆಯ ಪೆಟ್ಟು ನೇರ ಮಂಡಿಗೆ.

ಅಣ್ಣ: ಅಮ್ಮನ ಎಕ್ಸ್‌ರೇ ಹಾಕಿದ್ದೇನೆ, ನೋಡು. ಬಲಗಾಲಿಗೆ ಗ್ರೇಡ್ 3 ಅಂತ ಬರೆದಿದ್ದಾರೆ. ನಮ್ಮ ರಕ್ತದಿಂದಲೇ ತೆಗೆದು ಕೊಡುವ ಪಿಆರ್‌ಪಿ ಇಂಜೆಕ್ಷನ್ ಹಾಕಿಸಿದರೆ ಮೃದ್ವಸ್ಥಿ ಬೆಳೆಯುತ್ತದೆ ಅಂತ ಒಬ್ಬರು ಹೇಳಿದರು. ದುಡ್ಡು ನಾನು ಕಳಿಸುತ್ತೇನೆ, ಯೋಚನೆ ಬೇಡ.

ನಾನು: ಅಣ್ಣ, ಆ ದುಡ್ಡು ಸದ್ಯಕ್ಕೆ ಇಟ್ಟುಕೊಂಡಿರು. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಇದನ್ನು ಪರೀಕ್ಷೆ ಮಾಡಿ 2021ರಲ್ಲಿ ಪ್ರಕಟಿಸಿದರು. ಕೆಲವರಿಗೆ ಪಿಆರ್‌ಪಿ, ಉಳಿದವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ಅವರಿಗೆ ಹೇಳಿರಲಿಲ್ಲ. ಒಂದು ವರ್ಷ ಆದ ಮೇಲೆ ನೋವಿನಲ್ಲೂ ವ್ಯತ್ಯಾಸ ಕಾಣಲಿಲ್ಲ, ಎಂಆರ್‌ಐಯಲ್ಲಿ ಅಳೆದ ಮೃದ್ವಸ್ಥಿಯಲ್ಲೂ ಕಾಣಲಿಲ್ಲ.

ನಾನು: ಈಗ ಫಿಲ್ಮ್ ದೊಡ್ಡದು ಮಾಡಿ ನೋಡಿ. ಮಂಡಿಯ ಹೊರಭಾಗದಲ್ಲಿ ಎರಡು ಮೂಳೆಗಳ ಮಧ್ಯೆ ಕಪ್ಪು ಸಂದು ಚೆನ್ನಾಗಿ ಕಾಣುತ್ತದೆ. ಒಳಭಾಗದಲ್ಲಿ, ಅಂದರೆ ಇನ್ನೊಂದು ಕಾಲಿನ ಕಡೆಗೆ, ಅದೇ ಸಂದು ಗೆರೆಯಷ್ಟೇ ಉಳಿದಿದೆ. ಅದರ ಕೆಳಗೆ ಮೂಳೆ ಹೆಚ್ಚು ಬೆಳ್ಳಗಿದೆ, ಅಂದರೆ ಭಾರ ತಾಳಲಾರದೆ ಅಲ್ಲಿ ಮೂಳೆ ಗಟ್ಟಿಯಾಗಿದೆ. ಅಂಚಿನಲ್ಲಿ ಚೂಪಾಗಿ ಹೊಸ ಮೂಳೆ ಬೆಳೆದಿದೆ. ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಅನ್ನುವವರು 1957ರಲ್ಲಿ ಮಾಡಿದ 0ಯಿಂದ 4ರ ಗ್ರೇಡು ಇವನ್ನೇ ನೋಡಿ ಕೊಡುವುದು. ನೋವನ್ನು ಅದು ಅಳೆಯುವುದಿಲ್ಲ.

ಚಿಕ್ಕಪ್ಪ: ಮೃದ್ವಸ್ಥಿ ಸವೆದಿದ್ದಕ್ಕೇ ತಾನೇ ನೋವು? ನೀನು ಮೂಳೆ ಮೂಳೆ ಅನ್ನುತ್ತೀಯ.

ನಾನು: ಮೃದ್ವಸ್ಥಿಯಲ್ಲಿ ನರಗಳೇ ಇಲ್ಲ ಚಿಕ್ಕಪ್ಪ. ನೋವು ಬರುವುದು ಅದರ ಕೆಳಗಿನ ಮೂಳೆಯಿಂದ, ಕೀಲಿನ ಒಳಪೊರೆಯ ಊತದಿಂದ, ಸುತ್ತಲಿನ ಸ್ನಾಯು ಮತ್ತು ಕಟ್ಟುಗಳಿಂದ. ಎಂಆರ್‌ಐ ಮಾಡಿದರೆ ಕೆಲವರಿಗೆ ಮೂಳೆಯ ಒಳಗೇ ಪೆಟ್ಟಾದ ಜಾಗ ಕಾಣುತ್ತದೆ. ಬೋಸ್ಟನ್‌ನ ವೈದ್ಯರು 2003ರಲ್ಲಿ ತೋರಿಸಿದ್ದು ಇದನ್ನೇ: ಕಾಲು ಹೊರಕ್ಕೆ ಬಾಗಿದವರಿಗೆ ಆ ಪೆಟ್ಟು ಮಂಡಿಯ ಒಳಭಾಗದಲ್ಲಿ ಹೆಚ್ಚು. ಪೆಟ್ಟು ಬಿದ್ದ ಕಡೆಯೇ ಮುಂದೆ ಸಂದೂ ಬೇಗ ಕಿರಿದಾಗಿತ್ತು.

ದೊಡ್ಡಮ್ಮ: ನನ್ನ ಕಾಲು ಮೊದಲಿನಿಂದಲೂ ಸ್ವಲ್ಪ ಸೊಟ್ಟ ಕಣೇ. ನಮ್ಮಮ್ಮನದ್ದೂ ಹಾಗೇ ಇತ್ತು.

ನಾನು: ಹೌದು ದೊಡ್ಡಮ್ಮ. ನೀವು ಬಲಗಾಲು ಊರಿದ ಕ್ಷಣ ಮಂಡಿ ಹೊರಗಡೆಗೆ ಜರುಗುತ್ತದೆ, ಗೃಹಪ್ರವೇಶದ ದಿನ ನೋಡಿದ್ದೆ. ಕಾಲು ನೇರ ಇರುವವರಿಗೂ ನಡೆಯುವಾಗ ಅರ್ಧಕ್ಕಿಂತ ಹೆಚ್ಚು ಭಾರ ಮಂಡಿಯ ಒಳಭಾಗಕ್ಕೇ ಬೀಳುತ್ತದೆ. ಬಾಗಿದ ಕಾಲಿಗೆ ಇನ್ನೂ ಜಾಸ್ತಿ. ಒಳಗಡೆ ಸವೆದಷ್ಟೂ ಕಾಲು ಬಾಗುತ್ತದೆ, ಬಾಗಿದಷ್ಟೂ ಅಲ್ಲೇ ಸವೆಯುತ್ತದೆ. 2001ರಲ್ಲಿ ಬಂದ ಶಿಕಾಗೋ ಅಧ್ಯಯನದಲ್ಲಿ ಮಂಡಿ ಸವೆತ ಇದ್ದವರನ್ನು 18 ತಿಂಗಳು ಗಮನಿಸಿದರು. ಹೀಗೆ ಕಾಲು ಬಾಗಿದವರಿಗೆ ಒಳಭಾಗ ಹದಗೆಡುವ ಸಂಭವ ಸುಮಾರು ನಾಲ್ಕು ಪಟ್ಟು ಇತ್ತು.

ಚಿಕ್ಕಪ್ಪ: ಅಂದರೆ ಕಾರಿನ ವೀಲ್ ಅಲೈನ್‌ಮೆಂಟ್ ತಪ್ಪಿದರೆ ಟೈರು ಒಂದೇ ಕಡೆ ಸವೆಯುವ ಹಾಗೆ.

ನಾನು: ಅದೇ ಚಿಕ್ಕಪ್ಪ! ಆ ಫಾರ್ವರ್ಡಿನಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲ. ಅದಕ್ಕೇ ನನಗೆ ಸಿಟ್ಟು.

ಅತ್ತಿಗೆ: ಒಂದು ಮಾತು. ಈ ಎಕ್ಸ್‌ರೇ ತೆಗೆಯುವಾಗ ನಾನೂ ಜೊತೆಗಿದ್ದೆ. ಅತ್ತೆಯನ್ನು ಮಲಗಿಸಿ ತೆಗೆದರು.

ನಾನು: ಮಲಗಿದಾಗ ಮಂಡಿ ಮೇಲೆ ಭಾರವೇ ಇರುವುದಿಲ್ಲ, ಸಂದು ಇರುವುದಕ್ಕಿಂತ ಅಗಲ ಕಾಣುತ್ತದೆ. ಮಲಗಿಸಿದಾಗಲೇ ಇಷ್ಟು ಕಿರಿದು! ನಿಲ್ಲಿಸಿ ತೆಗೆಸಬೇಕು ಅತ್ತಿಗೆ. ಬರೀ ಮಂಡಿಯದಲ್ಲ, ಸೊಂಟದ ಕೀಲಿನಿಂದ ಹಿಮ್ಮಡಿ ಗಂಟಿನವರೆಗೆ ಪೂರ್ತಿ ಕಾಲಿನದು. ಆಗ ಭಾರದ ಗೆರೆ ಮಂಡಿಯಲ್ಲಿ ಎಲ್ಲಿ ಹಾದುಹೋಗುತ್ತದೆ ಅಂತ ಅಳೆಯಬಹುದು.

ಚಿಕ್ಕಪ್ಪ: ಅಳೆದು? ಕೊನೆಗೆ ಆಪರೇಷನ್ ಅನ್ನುತ್ತಾರೆ. ನಮ್ಮ ಬೀದಿಯವರೊಬ್ಬರು ಮಂಡಿ ಬದಲಾಯಿಸಿಕೊಂಡು ಆರು ತಿಂಗಳು ಒದ್ದಾಡಿದರು. ಅತ್ತಿಗೆಗೆ ಆ ಗತಿ ಬೇಡ ಅಂತಲೇ ನಾನು ಹೇಳುತ್ತಿರುವುದು.

ನಾನು: ನಿಮ್ಮ ಭಯ ನನಗೆ ಗೊತ್ತಾಗುತ್ತದೆ. ಯಾರೂ ನಾಳೆಯೇ ಆಪರೇಷನ್ ಅನ್ನುತ್ತಿಲ್ಲ. ವಯಸ್ಸು ಕಡಿಮೆ ಇದ್ದು ಒಳಭಾಗ ಮಾತ್ರ ಕೆಟ್ಟಿದ್ದರೆ ಮಂಡಿಯ ಕೆಳಗೆ ಮೂಳೆ ಕೊಯ್ದು, ಕಾಲಿನ ಗೆರೆ ಸರಿಮಾಡಿ, ಪ್ಲೇಟ್ ಹಾಕುವುದುಂಟು. ಮಂಡಿ ಪೂರ್ತಿ ಕೆಟ್ಟು, ಬೇರೆ ಯಾವುದಕ್ಕೂ ನೋವು ಜಗ್ಗದಿದ್ದರೆ ಬದಲಾಯಿಸುವುದು. ಅದನ್ನು ಡಾಕ್ಟರು ಕಾಲು ನೋಡಿ ಹೇಳಲಿ. 66 ವರ್ಷದ ದೊಡ್ಡಮ್ಮನಿಗೆ ಮೊದಲು ಮಾಡಬೇಕಾದ್ದು ಬೇರೆ ಇದೆ, ಅದನ್ನು ನಾವು ಶುರುವೇ ಮಾಡಿಲ್ಲ.

ದೊಡ್ಡಮ್ಮ: ಏನು ಮಾಡಲಿ ಹೇಳು.

ನಾನು: ಕುರ್ಚಿ ಮೇಲೆ ಕೂತು ಕಾಲು ನೇರ ಚಾಚಿ, ತೊಡೆ ಬಿಗಿ ಹಿಡಿದು, ನಿಧಾನಕ್ಕೆ ಇಳಿಸಿ. ಎರಡೂ ಕಾಲಿಗೆ, ದಿನವೂ. ವಾಕಿಂಗ್ ಸಮತಟ್ಟು ರಸ್ತೆಯಲ್ಲಿ, ನೋವು ಜಾಸ್ತಿಯಾದ ದಿನ ಸ್ವಲ್ಪ ಕಡಿಮೆ. ಕುಕ್ಕರಗಾಲಲ್ಲಿ ಕೂತು ರಂಗೋಲಿ ಹಾಕುವುದನ್ನು ಸದ್ಯಕ್ಕೆ ಅತ್ತಿಗೆಗೆ ಬಿಡಿ. ಇನ್ನು ತೂಕ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲೆ ಸುಮಾರು ನಾಲ್ಕು ಕೆಜಿ ಭಾರ ಕಡಿಮೆಯಾಗುತ್ತದೆ. ಇದನ್ನು ಅಮೆರಿಕದಲ್ಲಿ ಅಳೆದು ನೋಡಿದ್ದಾರೆ. ಕೋಲು ಯಾವ ಕೈಯಲ್ಲಿ ಹಿಡಿಯುತ್ತೀರಿ?

ದೊಡ್ಡಮ್ಮ: ನೋಯುವ ಕಡೆಯೇ, ಬಲಗೈಯಲ್ಲಿ.

ನಾನು: ಎಡಗೈಗೆ ಬದಲಾಯಿಸಿ. ಬಲಗಾಲು ಮುಂದಿಟ್ಟಾಗ ಎಡಗೈ ಕೋಲೂ ಜೊತೆಗೆ ಹೋಗಲಿ.

ದೊಡ್ಡಮ್ಮ: ಅಡುಗೆಮನೆಯವರೆಗೆ ಹೋಗಿ ಬಂದೆ. ಹೌದು ಕಣೇ, ಊರುವಾಗ ಅಷ್ಟು ಚುಚ್ಚಲಿಲ್ಲ.

ಚಿಕ್ಕಪ್ಪ: ಸರಿ. ಬೆಂಡೆಕಾಯಿ ನೀರು ನಾನಂತೂ ಬಿಡುವುದಿಲ್ಲ. ವಾಕಿಂಗ್ ಬಿಡಿ ಅಂದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಎಕ್ಸ್‌ರೇಗೆ ಶನಿವಾರ ನಾನೇ ಕರೆದುಕೊಂಡು ಹೋಗುತ್ತೇನೆ ಅತ್ತಿಗೆ.

ಅಣ್ಣ: ಥ್ಯಾಂಕ್ಸ್ ಚಿಕ್ಕಪ್ಪ 🙏

ದೊಡ್ಡಮ್ಮ: ಅಲ್ಲಿ ಏನು ಕೇಳಬೇಕು ಅಂತ ಒಂದೇ ಸಾಲಿನಲ್ಲಿ ಬರೆದು ಹಾಕು ಪುಟ್ಟಿ. ತೋರಿಸುತ್ತೇನೆ.

ನಾನು: ‘ಎರಡೂ ಕಾಲು, ನಿಂತುಕೊಂಡು, ಸೊಂಟದಿಂದ ಹಿಮ್ಮಡಿ ಗಂಟಿನವರೆಗೆ ಒಂದೇ ಫಿಲ್ಮಿನಲ್ಲಿ.’