ತೊಟ್ಟಿಯ ಎರೆಹುಳ ರಾತ್ರಿ ಗೋಡಿ ಏರಾಕತ್ತಾವ, ಅನುಭವ ಇದ್ದವರು ಹೇಳ್ರಿ

ಕುಷ್ಟಗಿ ಹೊಸತೊಟ್ಟಿ
ಎರೆಗೊಬ್ಬರದ ಸಿಮೆಂಟ್ ತೊಟ್ಟಿ, 10 ಅಡಿ ಉದ್ದ, 3 ಅಡಿ ಅಗಲ. ಒಂದೂವರೆ ಅಡಿ ತುಂಬೀನಿ: ಕೆಳಗ ತೊಗರಿ ಹೊಟ್ಟು, ಮ್ಯಾಲ ಹಳೆ ಸೆಗಣಿ. 3 ಕೆಜಿ ಹುಳ ಬಿಟ್ಟು 40 ದಿನ ಆತು. ಈಗ ಏಪ್ರಿಲ್ ಬಿಸಲು. ಒಂದು ವಾರದಿಂದ ರಾತ್ರಿ ಆದ್ರ ಗೋಡಿ ಏರ್ತಾವ, ಕೆಲವು ಸತ್ತಾವ. ಸತ್ತವುಗಳ ಮೈ ಮಣಿಸರದಂಗ ಗಂಟು ಗಂಟು. ಹಾಕೋದು ಬೋರ್ ನೀರು. ಲಗೂನ ಗೊಬ್ಬರ ಆಗ್ಲಿ ಅಂತ ಹತ್ತು ದಿನದ ಹಿಂದ 4 ಕೆಜಿ ಶೇಂಗಾ ಹಿಂಡಿ ಹಾಕಿದ್ದೆ. ತೊಟ್ಟಿ ಖಾಲಿ ಮಾಡ್ಲೋ, ಹಂಗ ಬಿಡ್ಲೋ? ಮಾರಿದವರು ಕೊಟ್ಟ ಹುಳನ ಸರಿ ಇಲ್ಲೇನು?

ಸಿಂಧನೂರು ಕಾಲುವೆ ಕಡೆ
ಬೋರ್ ನೀರು ಅಂದ್ರಲ್ಲ, ಅಲ್ಲೇ ಐತಿ ರೋಗ. ನಮ್ಮ ಎರಡು ತೊಟ್ಟಿಯ ಲೆಕ್ಕ ಇಡ್ತೀನಿ ನೋಡ್ರಿ. ಇಟ್ಟಿಗಿ ಗಾರೆ 11,600, ಎರಡು ಟ್ರ್ಯಾಕ್ಟರ್ ಸೆಗಣಿ 6,000, ಹುಳ 5 ಕೆಜಿಗೆ 2,000. ಒಟ್ಟು 19,600 ರೂಪಾಯಿ. ಮೊದಲನೇ ಸಲ ಎರಡೂ ತೊಟ್ಟಿ ಬರೇ ಬೋರ್ ನೀರಿನಾಗ ನಡದು, ಎರಡು ತಿಂಗಳಿಗೆ ಹುಳ ಕಾಲು ಭಾಗ ಉಳದಿದ್ವು.

ನೀರು ಪರೀಕ್ಷೆಗೆ ಕೊಟ್ಟಾಗ ಇಸಿ (ವಿದ್ಯುತ್ ವಾಹಕತೆ, ನೀರಿನಾಗಿನ ಉಪ್ಪಿನ ಅಳತಿ) 2 ಬಂತು. ಅಂದ್ರ ಲೀಟರಿಗೆ ಸುಮಾರು 1.28 ಗ್ರಾಂ ಉಪ್ಪು. ಬ್ಯಾಸಗಿಗೆ ಒಂದು ತೊಟ್ಟಿಗೆ ದಿನಾ 20 ಲೀಟರ್ ಹಾಕಿದ್ರ 25 ಗ್ರಾಂ ಉಪ್ಪು ಒಳಗ ಹೋಗ್ತದ. ನೀರು ಆರಿ ಹೋಗ್ತದ, ಉಪ್ಪು ಎಲ್ಲಿ ಹೋಗ್ತದ? ಅಲ್ಲೇ ಕುಂದರ್ತದ. 60 ದಿನಕ್ಕ ಒಂದೂವರೆ ಕೆಜಿ. ತುಂಬಿದಾಗ 600 ಕೆಜಿ ಇದ್ದ ಮಾಲಿನಾಗ ಅದು 0.25 ಪರ್ಸೆಂಟ್. ಮಾಲು ಕೊಳ್ತು ಅರ್ಧಕ್ಕ ಇಳದಾಗ ಅದೇ ಉಪ್ಪು 0.5 ಪರ್ಸೆಂಟ್. ಎರೆಹುಳಕ್ಕ ಅದಕ್ಕಿಂತ ಮ್ಯಾಲ ತಾಳಂಗಿಲ್ಲ. ಸೆಗಣಿ, ಗಂಜಲದ ಉಪ್ಪು ಬ್ಯಾರೆ. ಹುಳಕ್ಕ ಮೈಮ್ಯಾಲ ನಮ್ಮಂಗ ದಪ್ಪ ಚರ್ಮ ಇಲ್ಲ, ಉಪ್ಪು ಒಳಗಿನ ನೀರನ್ನ ಎಳದು ಹಾಕ್ತದ.

ಈಗ ಕಾಲುವೆ ನೀರು ಬಂದಾಗ 2,000 ಲೀಟರ್ ಸಿಂಟೆಕ್ಸ್ ತುಂಬಿಸಿ ಇಟ್ಕೊಂತೀವಿ. ಟ್ಯಾಂಕಿಗೆ ಮತ್ತ 9,000 ಹೋತು. ಹೋಗ್ಲಿ, ಹುಳ ಉಳಿದಾವ.

ಗಂಗಾವತಿ ಭತ್ತದ ಗದ್ದೆ
ನೀರು ಗೀರು ಆಮ್ಯಾಲ. ಮೊದಲು ಹುಳ ಅಸಲಿ ಹೌದೋ ಅಲ್ಲೋ ನೋಡ್ರಿ. ಬಾಯಿ ಕಡೆಯಿಂದ ಉಂಗುರ ಎಣಿಸಿದ್ರ 14, 15, 16ನೇ ಉಂಗುರದಾಗ ದಪ್ಪ ಪಟ್ಟಿ ಇರಬೇಕು. ಹಳೆ ಪಿಯುಸಿ ಪುಸ್ತಕದಾಗ ಹಂಗ ಐತಿ. ನಮಗ ಬಂದ ಹುಳದ ಪಟ್ಟಿ ಎಷ್ಟೋ ಹಿಂದ ಇತ್ತು. 4 ಕೆಜಿ, 1,600 ರೂಪಾಯಿ, ಪೂರಾ ವಾಪಸ್ ಕೊಟ್ಟೆವು. ಈ ಧಂಧೆದಾಗ ಮೋಸ ಭಾಳ ಐತ್ರಿ.

ಕೊಪ್ಪಳ ಪ್ರಾಣಿಶಾಸ್ತ್ರ
ದಯವಿಟ್ಟು ಇದನ್ನು ಯಾರೂ ಪಾಲಿಸಬೇಡಿ. ಪಠ್ಯಪುಸ್ತಕದಲ್ಲಿರುವುದು ಫೆರಿಟಿಮಾ ಪೋಸ್ತುಮಾ, ಈಗ ಮೆಟಾಫೈರ್ ಅನ್ನುತ್ತಾರೆ. ಅದು ಮಣ್ಣು ತಿಂದು ಮಣ್ಣಿನೊಳಗೇ ಬಿಲ ಕೊರೆಯುವ ಹೊಲದ ಹುಳ. ಕ್ಲೈಟೆಲ್ಲಮ್ ಪಟ್ಟಿ ಅದಕ್ಕೆ 14ರಿಂದ 16ರಲ್ಲಿ ನಿಜ. ತೊಟ್ಟಿಗೆ ಬೇಕಾದ್ದು ಮೇಲ್ಪದರದಲ್ಲಿ ಕೊಳೆಯುವ ಕಸ ತಿನ್ನುವ ಹುಳ. ಐಸೀನಿಯಾ ಫೆಟಿಡಾ ಆದರೆ ಪಟ್ಟಿ ಸುಮಾರು 25ನೇ ಖಂಡದಿಂದ (ಉಂಗುರದಿಂದ) ಶುರುವಾಗಿ 32ರ ತನಕ, ಕುದುರೆಯ ಜೀನಿನ ಹಾಗೆ ಬೆನ್ನ ಮೇಲೆ ಕೂತಿರುತ್ತದೆ. ನೀವು ವಾಪಸ್ ಕೊಟ್ಟದ್ದು ಸರಿಯಾದ ಹುಳವನ್ನೇ ಇರಬೇಕು.

ತೊಟ್ಟಿ ಹುಳ ಗುರುತಿಸುವುದು ಹೀಗೆ. ಬಿಳಿ ತಟ್ಟೆಗೆ ನಾಲ್ಕು ಹನಿ ನೀರು ಹಾಕಿ ಹುಳ ಬಿಡಿ. ಕೆಂಪು ಮೈ, ಖಂಡಗಳ ನಡುವೆ ಹಳದಿ ಮಿಶ್ರಿತ ಮಾಸಲು ಗೆರೆ, ಮೆಲ್ಲಗೆ ಒತ್ತಿದರೆ ಹಳದಿ ರಸ, ಕೆಟ್ಟ ವಾಸನೆ: ಐಸೀನಿಯಾ. ಉದ್ದ, ದಪ್ಪ, ಬೂದು ನೇರಳೆ, ಪಟ್ಟಿ 14ರ ಆಸುಪಾಸಿನಿಂದ 18ರವರೆಗೆ: ಯೂಡ್ರಿಲಸ್, ಆಫ್ರಿಕಾದ್ದು. ಸಣ್ಣಗೆ ನೀಲಿ ಮಿಂಚು, ಮುಟ್ಟಿದರೆ ಚಿಮ್ಮಿ ಓಡುತ್ತದೆ: ಪೆರಿಯೋನಿಕ್ಸ್, ನಮ್ಮ ದೇಶದ್ದೇ. ಈ ಪೆರಿಯೋನಿಕ್ಸ್‌ಗೆ ಮಳೆ ಬರುವ ರಾತ್ರಿ ಸಾಲು ಹಿಡಿದು ತೊಟ್ಟಿ ಬಿಟ್ಟು ಹೋಗುವ ಚಾಳಿ ಉಂಟು, ಕೇಳಿದವರು ಅದನ್ನೊಮ್ಮೆ ನೋಡಿಕೊಳ್ಳಿ.

ಅದೇ ತಟ್ಟೆಯಲ್ಲಿ ಬೆನ್ನಿನ ನಡುವೆ ಒಂದು ಕಪ್ಪು ಗೆರೆ ಕಾಣುತ್ತದೆ. ಕಣ್ಣು ಕೀಲಿಸಿ ನೋಡಿ, ಅದು ಬಾಲದಿಂದ ತಲೆ ಕಡೆಗೆ ಅಲೆಯಂತೆ ಹಿಂಡಿಕೊಳ್ಳುತ್ತದೆ. ಬೆನ್ನಿನ ರಕ್ತನಾಳ ಅದು. ಅಲೆ ಸಲೀಸಾಗಿ ಹರಿದರೆ ಹುಳ ಗಟ್ಟಿಯಾಗಿದೆ. ತಡವರಿಸಿದರೆ, ನಡುನಡುವೆ ನಿಂತರೆ, ತೊಟ್ಟಿಯೊಳಗೆ ಏನೋ ಕೆಟ್ಟಿದೆ.

ಗಂಗಾವತಿ ಭತ್ತದ ಗದ್ದೆ
ಪುಸ್ತಕದಾಗ ಹೃದಯ ನಾಲ್ಕು ಜೋಡಿ ಅಂತ ಐತಿ. ಮೊಬೈಲ್‌ನಾಗ ಎಲ್ಲಾ ಕಡೆ ಐದು ಜೋಡಿ ಅಂತಾರ. ನೀವು ಯಾವುದು ಕಲಿಸ್ತೀರಿ? ಪುಸ್ತಕನ ಸುಳ್ಳು ಅನ್ನೋದಾದ್ರ ಮಕ್ಕಳ ಗತಿ ಏನ್ರಿ?

ಕೊಪ್ಪಳ ಪ್ರಾಣಿಶಾಸ್ತ್ರ
ಪುಸ್ತಕ ಸುಳ್ಳು ಎಂದು ನಾನು ಎಲ್ಲೂ ಹೇಳಿಲ್ಲ. ಫೆರಿಟಿಮಾಕ್ಕೆ ನಾಲ್ಕು ಜೋಡಿ: 7, 9, 12, 13ನೇ ಖಂಡಗಳಲ್ಲಿ. ಯುರೋಪಿನ ಲುಂಬ್ರಿಕಸ್‌ಗೆ ಐದು ಜೋಡಿ: 7ರಿಂದ 11. ಹುಳ ಬೇರೆ, ಲೆಕ್ಕ ಬೇರೆ. ಒಂದರ ಅಂಗರಚನೆ ಓದಿ ಇನ್ನೊಂದನ್ನು ಕೊಂಡರೆ ನಿಮ್ಮ 1,600 ರೂಪಾಯಿಯ ಪಾಡಾಗುತ್ತದೆ.

ಕಂಪ್ಲಿ ಬಾಳೆ
ಅಲ್ರೀ, ಕೇಳಿದವರ ಹುಳ ಸಾಯಾಕತ್ತಾವ, ನೀವು ಹೃದಯ ಎಣಸಾಕ ಕುಂತೀರಿ! ಏಪ್ರಿಲ್ ಐತಿ. ಶಾಖದ ಬಗ್ಗೆ ಯಾಕ ಯಾರೂ ಕೇಳವಲ್ರಿ?

ನಮ್ಮ ಕಡೆ ತಗಡಿನ ಶೆಡ್ ಹಾಕಿ ಕೆಟ್ಟಿವಿ. 7 ಅಡಿ ಎತ್ತರ, ತಗಡು ಕಬ್ಬಿಣ ಸೇರಿ 8,400. ಮಧ್ಯಾಹ್ನ ಮೂರು ಗಂಟೆಗೆ ಥರ್ಮಾಮೀಟರ್ ನಾಲ್ಕು ಇಂಚು ಒಳಗ ಚುಚ್ಚಿದ್ರ 37 ಡಿಗ್ರಿ. ಐಸೀನಿಯಾಕ್ಕ 15ರಿಂದ 25 ಹಿತ, 35 ದಾಟಿದ್ರ ಮುಗೀತು. ತಗಡು ಕಿತ್ತು ತೆಂಗಿನ ಗರಿ ಎರಡು ಪದರ ಹಾಕಿದ್ವಿ. ಮೂಡಲ ಪಡುವಲ ಉದ್ದಕ್ಕ ತೊಟ್ಟಿ, ಗಾಳಿ ಆಡಾಕ ನಾಲ್ಕೂ ಕಡೆ ಬಯಲು. ಮಾಲಿನ ಮ್ಯಾಲ ಒದ್ದಿ ಗೋಣಿಚೀಲ. ಗೋಣಿ ಆರೋವಾಗ ಶಾಖ ಎಳ್ಕೊಂತದ, ಅದೇ ಗಡಿಗಿ ನೀರು ತಂಪಾದಂಗ. ಈಗ ಅದೇ ಮೂರು ಗಂಟೆಗೆ 30. ಪ್ಲಾಸ್ಟಿಕ್ ಹಾಳಿ ಮಾತ್ರ ಹೊದಸಬ್ಯಾಡ್ರಿ, ಗಾಳಿನೂ ಇಲ್ಲ, ತಂಪೂ ಇಲ್ಲ. ಒಂದೂವರೆ ಅಡಿ ಮ್ಯಾಲ ತುಂಬಬ್ಯಾಡ್ರಿ, ನಡುಭಾಗ ತಾನಾಗೇ ಕಾಯ್ತದ.

ಬಾಳಿ ದಿಂಡು ಹಾಕೋರು ಕಡದು ಎರಡು ದಿನ ಬಾಡಿಸಿ ಹಾಕ್ರಿ. ಹಸೀದು ಹಾಕಿದ್ರ ತಳದಾಗ ನೀರು ನಿಂತು ಹುಳ ಮುಳುಗಿ ಸಾಯ್ತಾವ. ಹುಳ ಕೊಳ್ಳೋದಾದ್ರ ನಮ್ಮ ಬಿಸಲಿಗೆ ಯೂಡ್ರಿಲಸ್ಸೇ ಬೇಕು, 25ರಿಂದ 30ರಾಗ ಹಿಗ್ಗತಾವ.

ಸಿಂಧನೂರು ಕಾಲುವೆ ಕಡೆ
ಯೂಡ್ರಿಲಸ್ ಡಿಸೆಂಬರ್ ರಾತ್ರಿ ತಂಪಿಗೆ ಕೆಲಸ ನಿಲ್ಲಸ್ತಾವ, ಅದನ್ನೂ ಹೇಳ್ರಿ. ಅರ್ಧ ಮಾತು ಹೇಳಿ ಜನರ ರೊಕ್ಕ ಹಾಳು ಮಾಡಬ್ಯಾಡ್ರಿ.

ಕೊಪ್ಪಳ ಪ್ರಾಣಿಶಾಸ್ತ್ರ
"ಮುಳುಗಿ ಸಾಯ್ತಾವ" ಅನ್ನುವುದೂ ಅರ್ಧ ಸತ್ಯವೇ. ಎರೆಹುಳಕ್ಕೆ ಶ್ವಾಸಕೋಶ ಇಲ್ಲ, ಒದ್ದೆ ಚರ್ಮದಿಂದಲೇ ಉಸಿರು. ಗಾಳಿಯ ಆಮ್ಲಜನಕ ಮೈಮೇಲಿನ ಲೋಳೆಯಲ್ಲಿ ಕರಗಿ ಒಳಗಿನ ನವಿರು ರಕ್ತನಾಳಕ್ಕೆ ಇಳಿಯಬೇಕು. ಅದರ ಹಿಮೋಗ್ಲೋಬಿನ್ ನಮ್ಮಂತೆ ಕಣಗಳಲ್ಲಿಲ್ಲ, ರಕ್ತದ ದ್ರವದಲ್ಲೇ ಕರಗಿದೆ. ಹಾಗಾಗಿ ಮೈ ಒಣಗಿದರೆ ಗಾಳಿಯಲ್ಲೇ ಉಸಿರುಗಟ್ಟಿ ಸಾಯುತ್ತದೆ. ಆಮ್ಲಜನಕ ಇರುವ ಶುದ್ಧ ನೀರಿನಲ್ಲಿ ಬಹಳ ಹೊತ್ತು ಬದುಕುತ್ತದೆ. ತೊಟ್ಟಿಯ ತಳದ ನೀರು ಕೊಳೆತದ್ದು, ಅದರಲ್ಲಿ ಆಮ್ಲಜನಕ ಇಲ್ಲ, ಸಾಯುವುದು ಅದಕ್ಕೆ. ಹಿಡಿ ಮಾಲು ತೆಗೆದು ಹಿಂಡಿ ನೋಡಿ: ಎರಡು ಮೂರು ಹನಿ ಬಿದ್ದರೆ ಸರಿ, ಧಾರೆ ಬಿದ್ದರೆ ಹೆಚ್ಚು, ಮುಷ್ಟಿ ಬಿಟ್ಟೊಡನೆ ಉದುರಿದರೆ ಕಡಿಮೆ.

ಮಾನ್ವಿ ತೊಗರಿ
ಇಷ್ಟು ಮಂದಿ ಬರದ್ರಿ, ಶೇಂಗಾ ಹಿಂಡಿ ಅನ್ನೋ ಮಾತು ಒಬ್ಬರ ಕಣ್ಣಿಗೂ ಬೀಳಲಿಲ್ಲೇನು? ಮೈ ಮಣಿಸರದಂಗ ಆಗೋದು ಹಿಂಡಿಯಿಂದ. ನಮ್ಮ ಸಿಲ್ಪಾಲಿನ್ ಅನ್ನೋ ದಪ್ಪ ಪ್ಲಾಸ್ಟಿಕ್ ಚೀಲದಾಗ (12 ಅಡಿ ಉದ್ದ, 4 ಅಡಿ ಅಗಲ) ಹತ್ತಿ ಕಾಳಿನ ಹಿಂಡಿ 5 ಕೆಜಿ ಹೋಗಿತ್ತು. ಹಿಂಡಿ 170, ಸತ್ತ ಹುಳ 6 ಕೆಜಿಗೆ 2,400, ಎರಡು ತಿಂಗಳ ಗೊಬ್ಬರ ಬ್ಯಾರೆ.

ಹುಳಕ್ಕ ಹಲ್ಲಿಲ್ಲ. ಗಂಟಲು ದಾಟಿದ ಮ್ಯಾಲ ಗಿಜರ್ಡ್ ಅನ್ನೋ ಗಟ್ಟಿ ಸ್ನಾಯುವಿನ ಚೀಲ, ಅದರಾಗ ಉಸಕಿನ ಕಣ ಇಟ್ಕೊಂಡು ಅರೀತದ, ಕೋಳಿ ಹರಳು ನುಂಗಿದಂಗ. 3 ಕೆಜಿ ಹುಳ ದಿನಕ್ಕ ಹೆಚ್ಚಂದ್ರ ಒಂದೂವರೆ ಕೆಜಿ ತಿಂತಾವ, ಅದೂ ಮೆತ್ತಗ ಕೊಳತದ್ದು. 4 ಕೆಜಿ ಹಿಂಡಿ ಒಮ್ಮೆಲೆ ಬಿದ್ರ ಮೊದಲು ಕಾಯ್ತದ, ಆಮ್ಯಾಲ ಹುಳಿ ಆಗ್ತದ, ಅಮೋನಿಯಾ ಏಳ್ತದ. ತಿಂದದ್ದು ಹೊಟ್ಟ್ಯಾಗ ಹುದುಗಿ ಗಾಳಿ ತುಂಬ್ತದ. ಮೈ ಅಲ್ಲಲ್ಲಿ ಉಬ್ಬಿ, ನಡುವ ಹಿಚುಕಿದಂಗ ಕಾಣೋದು ಅದಕ್ಕ.

ಹಿಂಡಿ ಬಿದ್ದ ಪದರ ಬುಟ್ಟಿಲೆ ತಗದು ಹೊರಗ ಹಾಕ್ರಿ. ಒಣ ಜ್ವಾಳದ ಕಣಕಿ ಚೂರು ಬೆರಸ್ರಿ. ತತ್ತಿ ಸಿಪ್ಪಿ ಪುಡಿ ಎರಡು ಹಿಡಿ, ಉಸುಕು ಒಂದು ಹಿಡಿ. ಸುಟ್ಟ ಸುಣ್ಣ ಮುಟ್ಟಬ್ಯಾಡ್ರಿ, ಮೈ ಸುಡ್ತದ. ಒಂದು ಮೂಲಿ ಮಾತ್ರ ಹಳೆ ಸೆಗಣಿ ತುಂಬಿ ಒದ್ದಿ ಮಾಡಿ ಇಡ್ರಿ, ಬದುಕಿದವು ಅಲ್ಲಿಗೆ ಬರ್ತಾವ.

ಕುಷ್ಟಗಿ ಹೊಸತೊಟ್ಟಿ
ಎಲ್ಲಾರಿಗೂ ಶರಣ್ರಿ. ನೋಡಿದೆ. ಪಟ್ಟಿ ಹಿಂದ ಐತಿ, ಹಳದಿ ಗೆರಿ ಅದಾವ. ಮೂರು ಗಂಟೆಗೆ 34 ಡಿಗ್ರಿ. ಹಿಂಡಿ ಬಿದ್ದಲ್ಲಿ ಹುಳಿ ವಾಸನಿ. ತಳದ ತೂತಿಗೆ ತೊಗರಿ ಹೊಟ್ಟು ಕಟ್ಟಿತ್ತು, ಕಡ್ಡಿ ಹಾಕಿ ಬಿಡಿಸಿದ್ರ ಅರ್ಧ ಬಕೆಟ್ ಕಪ್ಪು ನೀರು ಬಂತು. ಇದನ್ನ ಎರೆಜಲ (ಎರೆಹುಳ ತೊಟ್ಟಿಯಿಂದ ಇಳಿಯೋ ಸತ್ವದ ನೀರು) ಅಂತ ಮೆಣಸಿನಗಿಡಕ್ಕ ಹೊಡೀಬಹುದೇನು?

ಮಾನ್ವಿ ತೊಗರಿ
ನಾ ಹೇಳಿದ್ದು ಇದ.

ಸಿಂಧನೂರು ಕಾಲುವೆ ಕಡೆ
ತೂತು ಕಟ್ಟಿದ್ದಕ್ಕ ಉಪ್ಪು ಹೊರಗ ಹೋಗಿಲ್ಲ, ಅದನ್ನೂ ಸೇರಸ್ರಿ. ಆ ಕಪ್ಪು ನೀರು ಎರೆಜಲ ಅಲ್ಲ, ಕೊಳತ ನೀರು. ಮೆಣಸಿನಗಿಡಕ್ಕ ಹೊಡದ್ರ ಎಲಿ ಸುಡ್ತದ, ತಿಪ್ಪಿಗೆ ಸುರೀರಿ.

ಗಂಗಾವತಿ ಭತ್ತದ ಗದ್ದೆ
ಖಾಲಿ ಮಾಡೋದಾದ್ರ ಸಲಿಕಿ ಹಾಕಿ ತಗೀರಿ, ಹೆದರಬ್ಯಾಡ್ರಿ. ತುಂಡಾದ್ರ ಒಂದು ಎರಡಾಗ್ತಾವ.

ಕೊಪ್ಪಳ ಪ್ರಾಣಿಶಾಸ್ತ್ರ
ಆಗುವುದಿಲ್ಲ! ಈ ಮಾತಿಗೆ ಎಷ್ಟು ತೊಟ್ಟಿ ಹಾಳಾಗಿವೆ. ತಲೆ, ಪಟ್ಟಿ ಎರಡೂ ಉಳಿದ ಮುಂಭಾಗ ಬಾಲ ಬೆಳೆಸಿಕೊಂಡೀತು. ಬಾಲದ ತುಂಡು ಕೆಲವು ದಿನ ಹೊರಳಾಡಿ ಸಾಯುತ್ತದೆ. ಸಲಿಕೆ ಬೇಡ, ಕೈಯಲ್ಲಿ ತೆಗೆಯಿರಿ. ಎರಡು ದಿನ ನೀರು ಹಾಕುವುದನ್ನು ನಿಲ್ಲಿಸಿ, ಮಾಲನ್ನು ತಾಡಪತ್ರಿ ಮೇಲೆ ಗೋಪುರದಂತೆ ಸುರಿಯಿರಿ. ಹುಳಕ್ಕೆ ಕಣ್ಣಿಲ್ಲ, ಆದರೆ ಚರ್ಮದಲ್ಲಿ ಬೆಳಕು ಅರಿಯುವ ಕೋಶಗಳಿವೆ, ಅದರಲ್ಲೂ ತಲೆಯ ಕಡೆ ಹೆಚ್ಚು. ಬೆಳಕಿಗೆ ಕೆಳಗಿಳಿಯುತ್ತವೆ. ಕಾಲು ಗಂಟೆಗೊಮ್ಮೆ ಮೇಲಿನ ಪದರ ಕೆರೆದು ತೆಗೆಯುತ್ತಾ ಹೋದರೆ ಕೊನೆಗೆ ತಳದಲ್ಲಿ ಹುಳದ ಮುದ್ದೆ ಸಿಗುತ್ತದೆ. ನೆರಳಲ್ಲಿ ಮಾಡಿ, ಬಿಸಿಲಿಗೆ ಹಾಕಬೇಡಿ.

ಕಂಪ್ಲಿ ಬಾಳೆ
ಖಾಲಿ ಮಾಡೋದೇ ಬ್ಯಾಡ. 40 ದಿನ ಆಗೇತಿ ಅಂದ್ರ ತತ್ತಿ ಇಟ್ಟಿರ್ತಾವ. ಎರಡು ಹುಳ ತಲಿ ಅದಲು ಬದಲಾಗಿ ಅಂಟಿಕೊಂಡು ಒಂದಕ್ಕೊಂದು ಬೀಜ ಕೊಡ್ತಾವ, ಎರಡಕ್ಕೂ ಆ ಪಟ್ಟಿಯಿಂದ ತತ್ತಿಚೀಲ ಬರ್ತದ. ನಿಂಬಿಹಣ್ಣಿನ ಆಕಾರ, ಜ್ವಾಳದ ಕಾಳಿಗಿಂತ ಸಣ್ಣದು, ಮೊದಲು ಹಳದಿ, ಒಡೆಯೋ ಹೊತ್ತಿಗೆ ಕಂದುಗೆಂಪು. ಹುಳಕ್ಕಿಂತ ಅದು ಒಣಗು ಹೆಚ್ಚು ತಾಳ್ತದ. ಐಸೀನಿಯಾದ್ದು ಸುಮಾರು ಮೂರು ವಾರಕ್ಕ ಒಡದು ಎರಡು, ಮೂರು ಮರಿ ಬರ್ತಾವ. ಹಿಂಡಿ ತಗದು, ಗೋಣಿ ಒದ್ದಿ ಇಟ್ಟು, ಮೂರು ವಾರ ಕಾಯ್ರಿ.

ಸಿಂಧನೂರು ಕಾಲುವೆ ಕಡೆ
ಒದ್ದಿ ಇಡೋದು ಯಾವ ನೀರಿಲೆ? ಅದೇ ಬೋರ್ ನೀರಿಲೆನ?

ಕಂಪ್ಲಿ ಬಾಳೆ
ಊರ ನಳದ ನೀರು ಎರಡು ಕೊಡ ತಂದು ಹಾಕ್ತಾರ ಬಿಡ್ರಿ. ಹೊಸಾ ಹುಳ ತರೋದಾದ್ರ ಮೊದಲು ಒಂದು ಕುಂಡ್ಯಾಗ ತೊಟ್ಟಿ ಮಾಲು ಒಂದು ಕೆಜಿ ಹಾಕಿ 50 ಹುಳ ಬಿಡ್ರಿ. ಮರುದಿನ ಎಲ್ಲಾ ಒಳಗ ಇದ್ರ ತರ್ರಿ. ಮ್ಯಾಲ ಬಂದು ಅಂಚಿಗೆ ಕುಂತಿದ್ರ ಇನ್ನೂ ಹದಿನೈದು ದಿನ ತಡೀರಿ.