ಆಭಾ ದಾಖಲೆಗೆ ಸರ್ಕಾರದ ಪ್ರೋತ್ಸಾಹಧನ: ದುಡ್ಡು ಯಾರಿಗೆ, ಎಷ್ಟು, ಎಲ್ಲಿ ತಪ್ಪಿಹೋಗುತ್ತದೆ?

ಪ್ರಶ್ನೆ (ಕ್ಲಿನಿಕ್ ವೈದ್ಯೆ): ನನ್ನದು ಒಬ್ಬಳೇ ನಡೆಸುವ ಕ್ಲಿನಿಕ್, ಹಾಸಿಗೆಗಳಿಲ್ಲ. ದಿನಕ್ಕೆ ಸುಮಾರು 40 ರೋಗಿಗಳು. ಚೀಟಿಯನ್ನು ಕಂಪ್ಯೂಟರಿನಲ್ಲಿ ಬರೆದು ಆಭಾಗೆ, ಅಂದರೆ ರೋಗಿಯ ಡಿಜಿಟಲ್ ಆರೋಗ್ಯ ಖಾತೆಗೆ, ಜೋಡಿಸಿದರೆ ದಾಖಲೆಗೆ 20 ರೂಪಾಯಿಯಂತೆ ಸರ್ಕಾರ ಕೊಡುತ್ತದೆ ಅಂತ ಸಾಫ್ಟ್‌ವೇರ್ ಮಾರುವವರು ಹೇಳುತ್ತಿದ್ದಾರೆ. ಹೌದೇ?

ಉತ್ತರ (ಸಾಫ್ಟ್‌ವೇರ್ ಜೋಡಣೆ ಮಾಡುವವರು): 20 ರೂಪಾಯಿ ಇರುವುದು ನಿಜ, ಆದರೆ ಅದು ನಿಮಗಲ್ಲ. ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ಡಿಜಿಟಲ್ ಹೆಲ್ತ್ ಇನ್ಸೆಂಟಿವ್ ಸ್ಕೀಮ್ 2023ರ ಜನವರಿ 1ರಿಂದ ಜಾರಿಗೆ ಬಂತು. ಅದರ ಪ್ರಕಾರ 20 ರೂಪಾಯಿ ಸಿಗುವುದು 10 ಅಥವಾ ಹೆಚ್ಚು ಹಾಸಿಗೆ ಇರುವ ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳಿಗೆ. ಹಾಸಿಗೆಯಿಲ್ಲದ ಕ್ಲಿನಿಕ್‌ನ ದಾಖಲೆಗೆ ದುಡ್ಡು ಹೋಗುವುದು ನೀವು ಬಳಸುವ ಸಾಫ್ಟ್‌ವೇರ್ ಕಂಪನಿಗೆ: ತಿಂಗಳಿಗೆ 200 ದಾಟಿದ ಮೇಲೆ ಒಂದೊಂದಕ್ಕೆ 5 ರೂಪಾಯಿ.

ನಿಮ್ಮ ಲೆಕ್ಕ ಹಾಕಿ ನೋಡಿ. ದಿನಕ್ಕೆ 40ರಂತೆ 25 ದಿನ, ಅಂದರೆ 1,000 ದಾಖಲೆ. ಎಲ್ಲವೂ ಜೋಡಣೆಯಾದರೆ 800 ಗುಣಿಸು 5, ತಿಂಗಳಿಗೆ 4,000 ರೂಪಾಯಿ ಕಂಪನಿಗೆ. ಟೈಪ್ ಮಾಡುವವರು ನೀವು, ಎಣಿಸಿಕೊಳ್ಳುವವರು ಅವರು. ಹಾಗಾಗಿ ಚೌಕಾಸಿ ಮಾಡಬೇಕಾದ್ದು ಇಲ್ಲೇ: ಸಾಫ್ಟ್‌ವೇರಿನ ತಿಂಗಳ ಬಾಡಿಗೆ ಮನ್ನಾ ಮಾಡಿ, ಇಲ್ಲವೇ ಎಸ್ಸೆಮ್ಮೆಸ್ ಮತ್ತು ಬ್ಯಾಕಪ್ ಉಚಿತ ಕೊಡಿ ಅಂತ ಕೇಳಿ. ಬಾಯಿಮಾತು ಬೇಡ, ಒಪ್ಪಂದದಲ್ಲಿ ಬರೆಸಿಕೊಳ್ಳಿ. ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತ ಬಂದಿದ್ದಾರೆ. ಸಹಿ ಹಾಕುವ ದಿನ ಕೊನೆಯ ದಿನಾಂಕ ನೋಡಿಕೊಳ್ಳಿ, ಯೋಜನೆ ಮುಗಿದರೆ ಬಾಡಿಗೆ ಎಷ್ಟಾಗುತ್ತದೆ ಎಂಬುದನ್ನೂ ಅದರಲ್ಲೇ ಸೇರಿಸಿ.

ಪ್ರಶ್ನೆ (ನರ್ಸಿಂಗ್ ಹೋಮ್ ಆಡಳಿತಗಾರರು): ನಮ್ಮದು 20 ಹಾಸಿಗೆ, ಜೊತೆಗೆ ಒಳರೋಗಿ-ಹೊರರೋಗಿ ಎರಡೂ. ನಮಗೆಷ್ಟು ಬರಬಹುದು? ಮೊದಲು ಏನು ಮಾಡಬೇಕು?

ಉತ್ತರ (ಸಾಫ್ಟ್‌ವೇರ್ ಜೋಡಣೆ ಮಾಡುವವರು): ಹಾಸಿಗೆಗೆ ತಿಂಗಳಿಗೆ 100 ದಾಖಲೆ ಎಂಬುದು ತಳಮಟ್ಟ, ಅಷ್ಟಕ್ಕೆ ಏನೂ ಇಲ್ಲ. ನಿಮಗೆ ಅದು 2,000. ಒಂದು ತಿಂಗಳಲ್ಲಿ 3,500 ಜೋಡಿಸಿದಿರಿ ಅಂದುಕೊಳ್ಳಿ, ಮೇಲಿನ 1,500ಕ್ಕೆ 20ರಂತೆ 30,000 ರೂಪಾಯಿ. ಆ ಮೊತ್ತದ ಶೇ. 25ರ ಲೆಕ್ಕದಲ್ಲಿ ಸಾಫ್ಟ್‌ವೇರ್ ಕಂಪನಿಗೂ ಪ್ರೋತ್ಸಾಹಧನ ಇದೆ. ಲ್ಯಾಬ್‌ಗಳಿಗೆ ತಳಮಟ್ಟ ತಿಂಗಳಿಗೆ 500, ಆಮೇಲೆ ಒಂದಕ್ಕೆ 15 ರೂಪಾಯಿ. ಒಂದು ಸಂಸ್ಥೆಗೆ ಸಿಗುವ ಮೊತ್ತದ ಒಟ್ಟು ಮಿತಿ 4 ಕೋಟಿ ರೂಪಾಯಿ, 20 ಹಾಸಿಗೆಯವರು ಅದರ ಚಿಂತೆ ಮಾಡಬೇಕಿಲ್ಲ.

ಹೊರರೋಗಿ ವಿಭಾಗ ತೆಳುವಾಗಿದ್ದು ಹಾಸಿಗೆ ಹೆಚ್ಚಿರುವ ಕಡೆ ತಳಮಟ್ಟ ದಾಟುವುದೇ ಕಷ್ಟ. ಹಾಗಾಗಿ ಬಿಡುಗಡೆ ಸಾರಾಂಶ (ಡಿಸ್ಚಾರ್ಜ್ ಸಮ್ಮರಿ) ಒಂದನ್ನೇ ನೆಚ್ಚಿಕೊಳ್ಳಬೇಡಿ. ಒಪಿಡಿ ಚೀಟಿ, ಲ್ಯಾಬ್ ವರದಿ, ಲಸಿಕೆ ದಾಖಲೆ ಎಲ್ಲವೂ ಜೋಡಣೆಗೆ ಹೋಗಲಿ.

ಮೊದಲ ಕೆಲಸ ನೋಂದಣಿ. ಆಸ್ಪತ್ರೆ ಎಚ್‌ಎಫ್‌ಆರ್‌ನಲ್ಲಿ (ಆರೋಗ್ಯ ಸಂಸ್ಥೆಗಳ ರಾಷ್ಟ್ರೀಯ ನೋಂದಣಿ ಪಟ್ಟಿ), ವೈದ್ಯರು ಎಚ್‌ಪಿಆರ್‌ನಲ್ಲಿ (ಆರೋಗ್ಯ ವೃತ್ತಿಪರರ ಪಟ್ಟಿ). ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ರಾಜ್ಯ ನೋಂದಣಿ) ಪ್ರಮಾಣಪತ್ರದಲ್ಲಿ ಹೆಸರು, ವಿಳಾಸ, ಹಾಸಿಗೆ ಸಂಖ್ಯೆ ಹೇಗಿದೆಯೋ ಎಚ್‌ಎಫ್‌ಆರ್‌ನಲ್ಲೂ ಹಾಗೇ ಇರಬೇಕು. ವ್ಯತ್ಯಾಸ ಕಂಡರೆ ಪರಿಶೀಲನೆಯಲ್ಲೇ ಅರ್ಜಿ ಕೂತುಬಿಡುತ್ತದೆ. ವೈದ್ಯರ ಹೆಸರೂ ಅಷ್ಟೇ, ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿ ಇದ್ದಂತೆ. ಆಮೇಲೆ ಎಚ್‌ಎಫ್‌ಆರ್ ನೋಂದಣಿಯಲ್ಲಿ ಸಿಕ್ಕ ನಿಮ್ಮ ಫೆಸಿಲಿಟಿ ಐಡಿಯನ್ನು ಸಾಫ್ಟ್‌ವೇರಿಗೆ ಜೋಡಿಸಿ. ಇದನ್ನು ಮರೆತರೆ ನೀವು ಮಾಡಿದ ದಾಖಲೆ ನಿಮ್ಮ ಖಾತೆಗೆ ಎಣಿಕೆಯಾಗುವುದಿಲ್ಲ. ಪ್ರೋತ್ಸಾಹಧನಕ್ಕೆ ಪ್ರತ್ಯೇಕ ಅರ್ಜಿಯೂ ಹಾಕಬೇಕು.

ಸಾಫ್ಟ್‌ವೇರ್ ‘ಎಬಿಡಿಎಂ ಮಾನ್ಯ’ ಅಂದರೆ ಯಾವ ಮೈಲಿಗಲ್ಲು ಮುಗಿಸಿದೆ ಎಂದು ಕೇಳಿ; ಎಬಿಡಿಎಂ ಅಂದರೆ ಆಭಾ ನಡೆಸುವ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್. ಎಂ1 ಅಂದರೆ ಆಭಾ ಸೃಷ್ಟಿ ಮತ್ತು ಪರಿಶೀಲನೆ ಮಾತ್ರ. ದಾಖಲೆಯನ್ನು ಜೋಡಿಸಿ ಹಂಚುವುದು ಎಂ2. ರೋಗಿಯ ಒಪ್ಪಿಗೆ ಪಡೆದು ಬೇರೆ ಕಡೆಯ ದಾಖಲೆ ನೋಡುವುದು ಎಂ3. ಎಂ1 ಮಾತ್ರ ಇರುವ ಸಾಫ್ಟ್‌ವೇರಿನಿಂದ ನಿಮಗೆ ಒಂದು ರೂಪಾಯಿಯೂ ಹುಟ್ಟುವುದಿಲ್ಲ.

ಸೇರ್ಪಡೆ (ವೈದ್ಯಕೀಯ ದಾಖಲೆ ವಿಭಾಗದವರು): ದುಡ್ಡು ಸೋರಿಹೋಗುವುದು ವೈದ್ಯರ ಕೊಠಡಿಯಲ್ಲಲ್ಲ, ನೋಂದಣಿ ಕೌಂಟರಿನಲ್ಲಿ. ಆಧಾರ್‌ನಲ್ಲಿ ‘ಮಂಜುನಾಥ ಕೆ ಆರ್’, ಕೌಂಟರಿನವರು ಬರೆದದ್ದು ‘ಮಂಜು’. ವಯಸ್ಸೆಷ್ಟು ಅಂದರೆ ‘ಐವತ್ತಿರಬಹುದು’ ಅನ್ನುತ್ತಾರೆ, ಸಾಫ್ಟ್‌ವೇರ್ ಐವತ್ತನ್ನು ಕಳೆದು ಹುಟ್ಟಿದ ವರ್ಷವನ್ನು ತಾನೇ ತುಂಬುತ್ತದೆ. ಆಭಾದಲ್ಲಿ ಇರುವ ವರ್ಷ ಬೇರೆ. ಜೋಡಣೆ ಕೋರಿಕೆಯಲ್ಲಿ ಹೆಸರು, ಲಿಂಗ, ಹುಟ್ಟಿದ ವರ್ಷ ಹೋಗುತ್ತವೆ. ತಾಳೆಯಾಗದಿದ್ದರೆ ವಿಫಲ. ಚೀಟಿ ಪ್ರಿಂಟ್ ಆಗಿ ರೋಗಿ ಮನೆಗೆ ಹೋಗಿರುತ್ತಾರೆ, ದಾಖಲೆ ಮಾತ್ರ ಎಲ್ಲೂ ಸೇರಿರುವುದಿಲ್ಲ.

ಇದಕ್ಕೆ ಮದ್ದು: ಕೈಯಿಂದ ಟೈಪ್ ಮಾಡಿಸಬೇಡಿ. ಕೌಂಟರಿನಲ್ಲಿ ಕ್ಯೂಆರ್ ಹಚ್ಚಿ, ರೋಗಿ ತಮ್ಮ ಆಭಾ ಆ್ಯಪಿನಿಂದ ಸ್ಕ್ಯಾನ್ ಮಾಡಲಿ, ವಿವರ ನೇರ ಬಂದು ಟೋಕನ್ ಸಿಗುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರಿಗೆ 14 ಅಂಕಿಯ ಆಭಾ ಸಂಖ್ಯೆ ಹಾಕಿ ಒಟಿಪಿಯಿಂದ ಖಚಿತಪಡಿಸಿ. ಮನೆಮಂದಿಗೆಲ್ಲ ಒಂದೇ ಮೊಬೈಲ್ ಇದ್ದರೆ ಪಟ್ಟಿಯಲ್ಲಿ ನಾಲ್ಕೈದು ಆಭಾ ಕಾಣುತ್ತವೆ. ಮೇಲಿನದನ್ನೇ ಒತ್ತುವ ಚಟದಿಂದ ಅತ್ತೆಯ ಸಕ್ಕರೆ ವರದಿ ಸೊಸೆಯ ಖಾತೆಗೆ ಹೋಗುತ್ತದೆ. ಹೆಸರು ಓದಿ ಹೇಳಿ, ಹೌದೆಂದ ಮೇಲೆ ಒತ್ತಲಿ. ಸಂಜೆ ಬಾಗಿಲು ಹಾಕುವ ಮುನ್ನ ‘ಜೋಡಣೆ ವಿಫಲ’ ಪಟ್ಟಿ ತೆಗೆದು ಅಂದಂದೇ ಸರಿಪಡಿಸಿ. ತಿಂಗಳ ಕೊನೆಗೆ ಬಿಟ್ಟರೆ ಆ ರೋಗಿಗಳನ್ನು ಹಿಡಿಯುವುದೇ ಸಾಹಸ.

ಇನ್ನೊಂದು. ಆಭಾ ಐಚ್ಛಿಕ. ಇಲ್ಲ ಅಂದವರಿಗೆ ಚಿಕಿತ್ಸೆ ನಿರಾಕರಿಸುವಂತಿಲ್ಲ, ಟೋಕನ್ ಹಿಂದಕ್ಕೆ ತಳ್ಳುವಂತೆಯೂ ಇಲ್ಲ.

ಪ್ರಶ್ನೆ (ಕ್ಲಿನಿಕ್ ವೈದ್ಯೆ): ಕೈಬರಹದ ಚೀಟಿಯ ಫೋಟೊ ಹಾಕಿದರೆ ಸಾಲದೇ? ಟೈಪ್ ಮಾಡುತ್ತ ಕೂತರೆ ಸಾಲು ಬೀದಿಗೆ ಬರುತ್ತದೆ.

ಉತ್ತರ (ಸಾಫ್ಟ್‌ವೇರ್ ಜೋಡಣೆ ಮಾಡುವವರು): ಮಾನದಂಡದಲ್ಲಿ ಅದಕ್ಕೂ ಜಾಗ ಇದೆ, ‘ಹೆಲ್ತ್ ಡಾಕ್ಯುಮೆಂಟ್’ ಎಂಬ ಬಗೆಯಲ್ಲಿ ಚಿತ್ರ, ಪಿಡಿಎಫ್ ಹೋಗುತ್ತವೆ. ಆದರೆ ಮುಂದಿನ ಭೇಟಿಯಲ್ಲಿ ಅದರಿಂದ ನಿಮಗೇ ಉಪಯೋಗ ಕಡಿಮೆ: ಹುಡುಕಲು ಆಗದು, ಅಲರ್ಜಿಯ ಎಚ್ಚರಿಕೆ ಬರದು, ಹಳೆಯ ಔಷಧಿ ಪಟ್ಟಿ ಮರುಕಳಿಸದು. ನೀವು ಪದೇಪದೇ ಬರೆಯುವ 40–50 ಔಷಧಿಗಳನ್ನು ಡೋಸ್, ದಿನಗಳ ಸಮೇತ ಮೊದಲೇ ತುಂಬಿಡಿ. ‘ಪ್ಯಾರಾಸಿಟಮಾಲ್ 650, 1-0-1, 3 ದಿನ’ ಎರಡು ಒತ್ತಿಗೆ ಬರಬೇಕು. ಜ್ವರ, ಬಿಪಿ, ಸಕ್ಕರೆಗೆ ಒಂದೊಂದು ಸಿದ್ಧ ಚೀಟಿ ಇರಲಿ. ಮೊದಲ ಎರಡು ವಾರ ಮರುಭೇಟಿಯ ರೋಗಿಗಳದ್ದು ಮಾತ್ರ ಮಾಡಿ, ಕೈ ಕೂತ ಮೇಲೆ ಎಲ್ಲರದ್ದು.

ಪ್ರಶ್ನೆ (ನರ್ಸಿಂಗ್ ಹೋಮ್ ಆಡಳಿತಗಾರರು): ದಾಖಲೆ ಎಲ್ಲ ದೆಹಲಿಯ ಸರ್ವರಿಗೆ ಹೋಗುತ್ತದೆಯೇ? ನಾಳೆ ಸಾಫ್ಟ್‌ವೇರ್ ಬದಲಿಸಿದರೆ?

ಉತ್ತರ (ಸಾಫ್ಟ್‌ವೇರ್ ಜೋಡಣೆ ಮಾಡುವವರು): ಹೋಗುವುದಿಲ್ಲ. ದಾಖಲೆ ನಿಮ್ಮಲ್ಲೇ ಅಥವಾ ನಿಮ್ಮ ಸಾಫ್ಟ್‌ವೇರಿನ ಕ್ಲೌಡಿನಲ್ಲಿ ಇರುತ್ತದೆ. ಎಬಿಡಿಎಂ ಇಟ್ಟುಕೊಳ್ಳುವುದು ದಾಖಲೆ ಎಲ್ಲಿದೆ ಎಂದು ತೋರಿಸುವ ಕೊಂಡಿ ಮಾತ್ರ. ರೋಗಿ ಒಪ್ಪಿದಾಗ ದಾಖಲೆ ನಿಮ್ಮಿಂದ ಹೊರಡುತ್ತದೆ. ಹಾಗಾಗಿ ಸರ್ವರ್ ನಿಮ್ಮ ಕಟ್ಟಡದಲ್ಲಿದ್ದು ರಾತ್ರಿ ಯಾರೋ ಸ್ವಿಚ್ ಆರಿಸಿದರೆ, ಬೇರೆ ಊರಿನ ತುರ್ತು ವಿಭಾಗದಲ್ಲಿ ರೋಗಿಯ ಫೋನಿನಲ್ಲಿ ದಾಖಲೆಯ ಹೆಸರು ಕಾಣುತ್ತದೆ, ದಾಖಲೆ ತೆರೆಯುವುದಿಲ್ಲ.

ಕೊಂಡಿಯ ಶೀರ್ಷಿಕೆಯನ್ನೂ ಗಮನಿಸಿ. ಅದು ದಾಖಲೆ ತೆರೆಯುವ ಮುನ್ನವೇ ಪಟ್ಟಿಯಲ್ಲಿ ಕಾಣುವ ಸಾಲು. ‘ಹೊರರೋಗಿ ಭೇಟಿ, 12 ಮಾರ್ಚ್’ ಎಂದಿರಲಿ. ‘ಎಚ್‌ಐವಿ ಪರೀಕ್ಷೆ’ ಎಂದು ಬರೆದರೆ ಒಪ್ಪಿಗೆ ಕೇಳುವ ಮೊದಲೇ ಗುಟ್ಟು ರಟ್ಟಾಯಿತು.

ಸಾಫ್ಟ್‌ವೇರ್ ಬದಲಿಸುವುದಾದರೆ ಹಳೆಯ ಕೊಂಡಿಗಳೂ ಕೆಲಸ ಮಾಡುತ್ತಿರಬೇಕು. ಬರೀ ಪಿಡಿಎಫ್ ರಾಶಿ ಕೊಟ್ಟರೆ ಒಪ್ಪಬೇಡಿ, ಬೇರೆ ಸಾಫ್ಟ್‌ವೇರೂ ಓದಬಲ್ಲ ಫೈರ್ (FHIR) ಮಾದರಿಯಲ್ಲಿ ರಫ್ತು ಮಾಡಿಕೊಡುವ ಷರತ್ತನ್ನು ಖರೀದಿಯ ದಿನವೇ ಹಾಕಿ. 2002ರ ವೈದ್ಯಕೀಯ ಪರಿಷತ್ ನಿಯಮಾವಳಿಯಂತೆ ಒಳರೋಗಿ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ‘ಹಳೆಯ ಸಾಫ್ಟ್‌ವೇರಿನವರು ಫೋನ್ ಎತ್ತುತ್ತಿಲ್ಲ’ ಎಂಬುದು ಅಲ್ಲಿ ಉತ್ತರವಾಗದು.